ಲವಂಗ ಚುಚ್ಚಿದ ಉಂಡೆಗಳು

ನನಗೆ ಮೂರ್ಛೆರೋಗ ಇದೆ. ಇಷ್ಟು ಬರೆಯಲು ಒಂದು ಆಯುಷ್ಯ ಬೇಕಾಯಿತು. ಹದಿನಾಲ್ಕನೇ ವಯಸ್ಸಿಗೆ ಬಂದದ್ದು, ಈಗ ನನಗೆ ತೊಂಬತ್ತಕ್ಕೆ ಒಂದೆರಡು ಕಡಿಮೆ.

ಹೋದ ಚೌತಿಯ ಮುಂಚಿನ ದಿನ ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ನನ್ನ ಕಾಲಬುಡದಲ್ಲೇ ಬಿದ್ದಳು. ಕಣ್ಣು ಮೇಲೆ, ಬಾಯಲ್ಲಿ ನೊರೆ, ಕೈಕಾಲು ಬಡಿಯುತ್ತಿತ್ತು. ಒಬ್ಬ ಬೀಗದ ಕೈ ಗೊಂಚಲು ತಂದು ಅವಳ ಮುಷ್ಟಿಗೆ ತುರುಕಿದ. ಇನ್ನೊಬ್ಬ ಚಪ್ಪಲಿ ತೆಗೆದು ಮೂಗಿಗೆ ಹಿಡಿದ. ನಾನು ಊರುಗೋಲು ಬೀಸಿದೆ. ಚಪ್ಪಲಿಯವನ ಮೊಣಕೈಗೆ ತಾಗಿತು, ಅದಕ್ಕೆ ನನಗೆ ಪಶ್ಚಾತ್ತಾಪವೇನೂ ಇಲ್ಲ. "ಚಪ್ಪಲಿ ನಿನ್ನ ಕಾಲಿಗೆ ಹಾಕ್ಕೊ. ಅವಳನ್ನ ಮಗ್ಗುಲಿಗೆ ಮಲಗ್ಸು, ಬಾಯಿಗೆ ಎಂತದೂ ಹಾಕ್ಬೇಡಾ" ಎಂದು ಕೂಗಿದೆ. ಅಷ್ಟರಲ್ಲಿ ಹುಡುಗಿಯ ತಾಯಿ ಸುತ್ತ ನಿಂತವರಿಗೆಲ್ಲ ಕೈಮುಗಿಯುತ್ತ, "ಎಂತ ಇಲ್ಲಾ, ಬೆಳಿಗ್ಗೆ ತಿಂಡಿ ತಿನ್ಲಿಲ್ಲ, ಬಿಸಿಲಿಗೆ ತಲೆ ತಿರುಗ್ತು ಅಷ್ಟೇ" ಎಂದು ಹೇಳುತ್ತಿದ್ದಳು. ಆ ಸುಳ್ಳಿನ ಗುರುತು ನನಗೆ ಸಿಕ್ಕಿತು. ನನ್ನ ಆಯಿಯೂ ಹಟ್ಟಿಕೇರಿಯಲ್ಲಿ ಇದನ್ನೇ ಹೇಳುತ್ತಿದ್ದಳು. ಈ ಕಥೆಯನ್ನು ಆ ಹುಡುಗಿಗಿಂತ ಹೆಚ್ಚಾಗಿ ಅವಳ ತಾಯಿ ಓದಲಿ ಎಂದು ಬರೆಯುತ್ತಿದ್ದೇನೆ.

ಹಟ್ಟಿಕೇರಿಯಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎರಡು ಗದ್ದೆ. ನಾನು ಮೊದಲು ಬಿದ್ದದ್ದು ನಟ್ಟಿಯ ಹೊತ್ತಿನಲ್ಲಿ, ಕೆಸರಿಗೆ ಮುಖ ಕೆಳಗಾಗಿ. ಅಣ್ಣ ಜಡೆ ಹಿಡಿದು ಎಳೆಯದಿದ್ದರೆ ಒಂದು ಬೊಗಸೆ ನೀರಿನಲ್ಲಿ ಸಾಯುತ್ತಿದ್ದೆ. ಅಂಕೋಲೆಯ ಡಾಕ್ಟರರೊಬ್ಬರು ಬಿಳಿ ಗುಳಿಗೆ ಕೊಟ್ಟರು. ದಿನಾ ಸಂಜೆ ಒಂದು, ಯಾವತ್ತೂ ತಪ್ಪಿಸಬಾರದು ಎಂದರು. ತಪ್ಪಿಸಲಿಲ್ಲ, ಬೀಳಲಿಲ್ಲ. ಬೀಳದವಳಿಗೆ ರೋಗ ಎಲ್ಲಿಯದು ಎಂದು ಆಯಿ ತಾನೇ ತೀರ್ಮಾನಿಸಿದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ನಮ್ಮವರು ಒಂದೇ ಒಂದು ಸುಳ್ಳಿನಲ್ಲಿ ಮುಗಿಸಿದರು.

ಕೊಟ್ಟದ್ದು ಕಾರವಾರಕ್ಕೆ. ಆಗಿನ್ನೂ ಕಾರವಾರ ಮುಂಬಯಿ ಪ್ರಾಂತ್ಯದಲ್ಲಿತ್ತು. ಯಜಮಾನರು ಬೈತಖೋಲದ ಬಂದರಿನಲ್ಲಿ ಗುಮಾಸ್ತರು. ಆಗಬೋಟು ಬಂದ ದಿನ ಮುಂಬಯಿಯ ಹಳೇ ಪೇಪರು ತರುತ್ತಿದ್ದರು, ಅದರಿಂದಲೇ ನಮಗೆ ಲೋಕದ ಸುದ್ದಿ. ಮನೆಯಲ್ಲಿ ಇವರು, ಅತ್ತೆ, ನಾನು, ಹಲ್ಲು ಬರುತ್ತಿದ್ದ ನನ್ನ ಮಗಳು ಮೀರಾ. ಸಾಲಾಗಿ ಐದು ಮನೆ, ಐದಕ್ಕೂ ಒಂದೇ ಅಂಗಳ, ಒಂದೇ ಬಾವಿ, ಹಿಂದೆ ಸಾಲಾಗಿ ಐದು ಬಚ್ಚಲು. ಪಕ್ಕದ ಮನೆಯ ಪದ್ಮಕ್ಕ ಒಗ್ಗರಣೆಗೆ ಒಣಮೆಣಸು ಹಾಕಿದರೆ ನಾವು ಸೀನುತ್ತಿದ್ದೆವು.

ಅಂಥ ಮನೆಯಲ್ಲಿ ಗುಳಿಗೆ ನುಂಗುವುದನ್ನು ಮೂರು ವರ್ಷ ಮುಚ್ಚಿಟ್ಟೆ. ತಿಂಗಳಿಗೊಮ್ಮೆ ಆಯಿ ಒಂದು ಬುಟ್ಟಿ ಕಟ್ಟಿ ಮಧ್ಯಾಹ್ನದ ಬಸ್ಸಿನ ಡ್ರೈವರನ ಕೈಲಿ ಕೊಡುತ್ತಿದ್ದಳು. ಅದರಲ್ಲಿ ಹಪ್ಪಳದ ಕಟ್ಟು, ಕಟ್ಟಿನ ನಡುವಿನ ಹಪ್ಪಳಗಳ ಸಂದಿಯಲ್ಲಿ ಎಣ್ಣೆಕಾಗದದ ಪೊಟ್ಟಣ. ನಾನು ವಾರಕ್ಕೊಂದು ಕಾರ್ಡು ಬರೆಯುತ್ತಿದ್ದೆ. "ಇಲ್ಲಿ ಎಲ್ಲರೂ ಕ್ಷೇಮ. ಮೀರಾಗೆ ಕೆಳಗಿನ ಹಲ್ಲು ಕಾಣುತ್ತಿದೆ. ಬಂಗುಡೆ ರಾಶಿ ಬಂದಿದೆ. ನಾವೆಲ್ಲ ಮೈಸೂರಿಗೆ ಸೇರುತ್ತೇವೆಂದು ಪೇಪರಿನಲ್ಲಿ ಬಂದಿದೆಯಂತೆ. ಹಪ್ಪಳ ಮುಗಿಯುತ್ತ ಬಂತು." ಕಾರ್ಡನ್ನು ಪೋಸ್ಟ್‌ಮನ್ನಿನಿಂದ ಹಿಡಿದು ಎಲ್ಲರೂ ಓದುತ್ತಿದ್ದರು. "ನಿನ್ನ ಸೊಸೆಗೆ ಹಪ್ಪಳದ ಹುಚ್ಚು ಮಾರಾಯ್ತಿ" ಎಂದು ಪದ್ಮಕ್ಕ ಅತ್ತೆಯನ್ನು ನಗಿಸುತ್ತಿದ್ದಳು.

ಆ ಮಳೆಗಾಲದ ಕೊನೆಗೆ ಆಯಿ ಜ್ವರದಿಂದ ಮಲಗಿದಳು. ಬುಟ್ಟಿ ಕಟ್ಟುವ ಕೆಲಸ ಅಣ್ಣನ ಹೆಂಡತಿ, ನನ್ನ ವೈನಿಯ ಪಾಲಿಗೆ ಬಂತು. ಒಳ್ಳೇ ಹೆಂಗಸು, ಗುಟ್ಟು ಅವಳಿಗೂ ಗೊತ್ತಿತ್ತು. ಹಪ್ಪಳ ಮುಗಿದಿತ್ತು, ಮಳೆಯಲ್ಲಿ ಹೊಸದು ಒಣಗಿರಲಿಲ್ಲ. ಅದಕ್ಕೆ ಅವಳು ಹೆಸರುಂಡೆ ಕಟ್ಟಿದಳು. ಒಂದಷ್ಟು ಉಂಡೆಯೊಳಗೆ ಎರಡೆರಡು ಗುಳಿಗೆಯ ಪೊಟ್ಟಣ ಇಟ್ಟು, ನನಗೆ ಗುರುತು ಸಿಗಲಿ ಎಂದು ಅವುಗಳ ನೆತ್ತಿಗೆ ಒಂದೊಂದು ಲವಂಗ ಚುಚ್ಚಿದಳು. ಹಟ್ಟಿಕೇರಿಯಲ್ಲಿ ಉಂಡೆ ಮಾಡಿದರೆ ಮನೆಯವರು ತಿನ್ನುತ್ತಾರೆ, ಎರಡು ಗದ್ದೆ ದಾಟಿ ಯಾರೂ ಹಂಚಲು ಹೋಗುವುದಿಲ್ಲ. ನಮ್ಮ ಅಂಗಳದ ಕ್ರಮ ಬೇರೆ. ಸೊಸೆಯ ತವರಿನಿಂದ ಸಿಹಿ ಬಂತೆಂದರೆ ಮೊದಲು ನಾಲ್ಕು ಮನೆಗೆ ಹೋಗಬೇಕು, ಉಳಿದದ್ದು ನಮಗೆ. ಕೊಡುವಾಗ ಚಂದದ್ದನ್ನೇ ಆರಿಸಿ ಕೊಡಬೇಕು, ಅದು ಅತ್ತೆಯ ಮರ್ಯಾದೆ. ಲವಂಗ ಚುಚ್ಚಿದವನ್ನು ಮಾತ್ರ ನೀನೇ ತಿನ್ನು ಎಂದು ವೈನಿ ಬರೆಸಿದ ಕಾರ್ಡು ಮರುದಿನ ಬಂತು. ಬಸ್ಸು ಪೋಸ್ಟಿಗಿಂತ ಬೇಗ.

ಬುಟ್ಟಿ ಬಂದ ದಿನ ನಾನು ಮಗುವನ್ನು ಮಲಗಿಸಿ ಹೊರಗೆ ಬರುವಷ್ಟರಲ್ಲಿ ಅತ್ತೆ ಲವಂಗದ ಉಂಡೆಗಳನ್ನೆಲ್ಲ ಆರಿಸಿ ಹಂಚಿ ಬಂದಿದ್ದರು. "ನಿನ್ನ ವೈನಿ ಕೈ ಚಲೋ ಅದೆ. ಲವಂಗ ಗಿವಂಗ ಹಾಕಿ ಎಷ್ಟು ಚಂದ ಮಾಡಿದಾಳೆ!" ಎಂದು ಹೊಗಳುತ್ತಿರುವಾಗಲೇ ಪದ್ಮಕ್ಕ ಅರ್ಧ ಕಚ್ಚಿದ ಉಂಡೆ ಹಿಡಿದು ಅಂಗಳಕ್ಕೆ ಬಂದಳು. ಇನ್ನೊಂದು ಕೈಯಲ್ಲಿ ಬಿಚ್ಚಿದ ಎಣ್ಣೆಕಾಗದ, ಅದರಲ್ಲಿ ಎರಡು ಬಿಳಿ ಗುಳಿಗೆ.

"ಅಗೋ ಬಾಯೇ, ಇದೆಂತ?"

ಒಂದೊಂದೇ ಮನೆಯಿಂದ ಉಂಡೆಗಳು ಹೊರಗೆ ಬಂದವು, ಒಡೆದವು. ಎಲ್ಲದರಲ್ಲೂ ಪೊಟ್ಟಣ. ಯಾರೋ "ಕೈವಿಷ" ಎಂದರು. ಊಟತಿಂಡಿಯಲ್ಲಿ ಮಾಟದ ವಿಷ ಬೆರೆಸಿ ಕೊಟ್ಟು ಮನೆ ಹಾಳು ಮಾಡುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಆ ಮಾತು ಬಿದ್ದದ್ದೇ ಹೆಂಗಸರೆಲ್ಲ ಗಂಟಲಿಗೆ ಬೆರಳು ಹಾಕಿ ಬಾವಿಯ ಪಕ್ಕ ವಾಂತಿ ಮಾಡತೊಡಗಿದರು. ಅತ್ತೆ ನನ್ನ ತುರುಬಿಗೆ ಕೈ ಹಾಕಿದರು.

"ನನ್ನ ಕೈಯಿಂದಲೇ ಹಂಚ್ಸಿದೆ ಅಲ್ದನೇ ಹಾಳಾದವಳೇ! ಯಾರ ಹತ್ರ ಮಾಡ್ಸಿದ್ದು? ಹೇಳು!"

ಕಸ ಗುಡಿಸುವ ಹಿಡಿಯ ಬುಡದಿಂದ ಹೊಡೆದರು. ತಲೆಗೆ, ಬೆನ್ನಿಗೆ, ಬಿದ್ದ ಮೇಲೆ ಕಾಲಿಗೆ. ಅತ್ತೆ ಎತ್ತರದ ಆಳು, ಒಬ್ಬರೇ ಅಕ್ಕಿಮೂಟೆ ಸರಿಸುತ್ತಿದ್ದರು. ನನ್ನ ಬಳೆ ಒಡೆದು ಅಂಗಳ ತುಂಬಿತು. ಯಾರೂ ಬಿಡಿಸಲಿಲ್ಲ. ಬಾಯಿ ಮುಚ್ಚಿದ್ದರೆ ವಿಷ ಹಾಕಿದವಳಾಗುತ್ತಿದ್ದೆ, ಬಾಯಿ ಬಿಟ್ಟರೆ ರೋಗದವಳು. ಎರಡರಲ್ಲಿ ಯಾವುದಾದರೂ ಮೀರಾ ನನ್ನ ಕೈತಪ್ಪುತ್ತಾಳೆ ಎಂದು ಗೊತ್ತಿತ್ತು. ಬಂದರಿನಿಂದ ಇವರು ಬಂದು, ಕೇಳಿ, ಕೆನ್ನೆಗೆ ಬಾರಿಸಿದಾಗ ಕಿವಿಯೊಳಗೆ ಗುಂಯ್ ಎಂದಿತು. ಆಗ ಹೇಳಿಬಿಟ್ಟೆ.

"ಅದು ನನ್ನ ಗುಳಿಗೆ. ನಂಗೆ ಮೂರ್ಛೆ ಬರ್ತದೆ. ಲಗ್ನದ ಮುಂಚಿಂದ್ಲೂ."

"ಸುಳ್ಳು! ಮೂರು ವರ್ಷದಲ್ಲಿ ಒಂದು ದಿನಾ ಬೀಳ್ಲಿಲ್ಲ" ಎಂದರು ಅತ್ತೆ.

"ಹಾಂಗಾದ್ರೆ ನುಂಗಿ ತೋರ್ಸು" ಎಂದಳು ಪದ್ಮಕ್ಕ.

ಎಲ್ಲರೆದುರು ಒಂದು ನುಂಗಿದೆ. ಐದು ಮನೆಯವರು ನನ್ನ ಮುಖ ನೋಡುತ್ತ ನಿಂತರು. ನನಗೇನೂ ಆಗಲಿಲ್ಲ, ಆಗುವುದಾದರೂ ಏನು? ಆದರೆ ಪದ್ಮಕ್ಕ ನಿಟ್ಟುಸಿರು ಬಿಟ್ಟು, "ಮಾಡ್ಸಿದವಳಿಗೆ ಕೈವಿಷ ತಾಗೂದಿಲ್ಲ, ಅದು ಗೊತ್ತದ್ದೇ" ಎಂದಳು. ಅತ್ತೆ ಉಳಿದ ಗುಳಿಗೆಗಳನ್ನೆಲ್ಲ ಉಂಡೆ ಸಮೇತ ಬಚ್ಚಲೊಲೆಗೆ ಸುರಿದರು. ತುಪ್ಪ ಇದ್ದದ್ದರಿಂದ ಬೆಂಕಿ ಚೆನ್ನಾಗಿ ಹತ್ತಿತು.

"ಆಯ್ತವಾರ ನಿನ್ನ ಅಣ್ಣನ ಕರೆಸ್ತೆ. ಬಂದು ಕರ್ಕೊಂಡು ಹೋಗ್ಲಿ. ಹುಡುಗಿ ಇಲ್ಲೇ ಇರ್ತದೆ" ಎಂದರು ಇವರು.

ಆಯ್ತವಾರಕ್ಕೆ ಇನ್ನೂ ಐದು ದಿನ ಇತ್ತು. ಮೀರಾಳನ್ನು ಹಾಲೂಡಿಸಲು ಮಾತ್ರ ನನ್ನ ಮಡಿಲಿಗೆ ಕೊಡುತ್ತಿದ್ದರು. ಅತ್ತೆ ಎದುರಿಗೆ ಕೂತು, ನಾನು ಮೊಲೆಗೆ ವಿಷ ಹಚ್ಚುತ್ತೇನೋ ಎಂಬಂತೆ ನೋಡುತ್ತಿದ್ದರು. ಪ್ರತಿ ಸಂಜೆ ದೀಪ ಹಚ್ಚುವಾಗ ಇಂದಿನ ಗುಳಿಗೆ ಇಲ್ಲ ಎಂದು ಬೆರಳು ಮಡಚಿ ಎಣಿಸುತ್ತಿದ್ದೆ. ಹೊಡೆತಕ್ಕೆ ನಾನು ಅಷ್ಟು ಹೆದರಿರಲಿಲ್ಲ. ಮಗು ಮಡಿಲಲ್ಲಿರುವಾಗ ಬಿದ್ದರೆ? ಆ ದಿನಗಳಲ್ಲಿ ನಾನು ಅಷ್ಟೂ ದೇವರಿಗೆ ಬೈದೆ.

ಶುಕ್ರವಾರ ಅತ್ತೆ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮೀರಾಳನ್ನು ಕಾಲ ಮೇಲೆ ಮಲಗಿಸಿ ಎಣ್ಣೆನೀರು ಹಾಕುತ್ತಿದ್ದರು. ನಾನು ಒಲೆಯ ಮುಂದೆ ಕಬ್ಬಿಣದ ಊದುಗೊಳವೆ ಹಿಡಿದು ಬೆಂಕಿ ಊದುತ್ತಿದ್ದೆ. ಬೀಳುವ ಮುಂಚೆ ನನ್ನ ಮೂಗಿಗೆ ತೆಂಗಿನ ಸಿಪ್ಪೆ ಸುಟ್ಟ ವಾಸನೆ ಬರುತ್ತದೆ, ಅದೇ ನನಗೆ ಸೂಚನೆ. ಆ ದಿನ ಒಲೆಯಲ್ಲಿ ಉರಿಯುತ್ತಿದ್ದದ್ದೂ ತೆಂಗಿನ ಸಿಪ್ಪೆಯೇ. ಹಾಗಾಗಿ ಗೊತ್ತಾಗಲಿಲ್ಲ.

ಮುಂದಿನದು ನನಗೆ ನೆನಪಿಲ್ಲ. ಎಚ್ಚರವಾದಾಗ ಮೂಲೆಯಲ್ಲಿ ನಿಂತಿದ್ದೆ. ಎಡಗೈಯ ಮೇಲೆ ಎರಡು ದುಂಡಗಿನ ಗಾಯ, ಊದುಗೊಳವೆಯ ಬಾಯಿಯಷ್ಟೇ ಅಗಲ, ಚರ್ಮ ಸುಲಿದಿತ್ತು. ಬಲಗೈಯಲ್ಲಿ ಅದೇ ಊದುಗೊಳವೆ, ಅಂಗೈ ಅದಕ್ಕೆ ಅಂಟಿಕೊಂಡಿತ್ತು. ಎದುರಿಗೆ ನೆಲದ ಮೇಲೆ ಅತ್ತೆ. ಅವರ ಬಾಯಿಂದ ರಕ್ತ ಸುರಿದು ಕುಪ್ಪಸ ಒದ್ದೆಯಾಗಿತ್ತು, ಮುಂದಿನ ಎರಡು ಹಲ್ಲು ಇರಲಿಲ್ಲ. ಬಾಗಿಲಲ್ಲಿ ಪದ್ಮಕ್ಕ ಮೀರಾಳನ್ನು ಎದೆಗವಚಿಕೊಂಡು ಕಿರುಚುತ್ತಿದ್ದಳು. ಮಗುವಿಗೆ ಏನೂ ಆಗಿರಲಿಲ್ಲ. ಯಾರೂ ವಿವರಿಸಬೇಕಾಗಿರಲಿಲ್ಲ. ಮೈಮೇಲೆ ಬಂದ ದೆವ್ವ ಬಿಡಿಸಲು ಅವರು ಕಾದ ಊದುಗೊಳವೆಯಿಂದ ನನಗೆ ಬರೆ ಹಾಕಿದ್ದರು, ನಾನು ಅದನ್ನು ಕಸಿದು ಅವರ ಬಾಯಿಗೆ ಬೀಸಿದ್ದೆ. ಮೂರ್ಛೆ ಇಳಿಯುವಾಗ ಹಿಡಿದು ಅದುಮಿದರೆ ಮನುಷ್ಯ ಯಾರು ಎಂತ ತಿಳಿಯದೆ ಹೊಡೆದಾಡುತ್ತಾನೆ ಎಂದು ಡಾಕ್ಟರು ಆಮೇಲೆ ಹೇಳಿದರು. ಅದು ನಿಜ. ಆದರೆ ಸತ್ಯ ಬರೆಯಲು ಕೂತ ಮೇಲೆ ಇದನ್ನೂ ಬರೆಯಬೇಕು: ಆ ಹಲ್ಲುಗಳನ್ನು ಕಂಡಾಗ ನನಗೆ ಮೊದಲು ಬಂದದ್ದು ಸಂತೋಷ. ಹೆದರಿಕೆ ಅದರ ಹಿಂದಿನಿಂದ ಬಂತು.

ಇವರನ್ನು ಬಂದರಿನಿಂದ ಕರೆಸಿ, ಟಾಂಗಾದಲ್ಲಿ ನಮ್ಮಿಬ್ಬರನ್ನೂ ಆಸ್ಪತ್ರೆಗೆ ಒಯ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆ, ಪಕ್ಕದಲ್ಲಿ ನಾನು. ಅವರ ಬಾಯಿಗೆ ಸೆರಗು, ನನ್ನ ಕೈಗೆ ಬಾಳೆಲೆ. ಎದುರಿಗೆ ಕಾಲಿಗೆ ಗಾಳ ಸಿಕ್ಕಿದ ಒಬ್ಬ ಮೀನುಗಾರ, ನಮ್ಮನ್ನು ನೋಡಿ ತನ್ನ ನೋವು ಮರೆತು ಕಣ್ಣರಳಿಸಿ ಕೂತಿದ್ದ. ಇವರು ಗೋಡೆ ಕಡೆ ಮುಖ ಮಾಡಿ ನಿಂತಿದ್ದರು. ಕಂಪೌಂಡರ್ ವಹಿ ತೆರೆದು, "ಎಂತ ಆಯ್ತು?" ಎಂದು ಅತ್ತೆಯನ್ನು ಕೇಳಿದ.

ಈಗ ಹೇಳುತ್ತಾರೆ, ಈಗ ಪೊಲೀಸರು ಬರುತ್ತಾರೆ ಎಂದು ಕಣ್ಣು ಮುಚ್ಚಿದೆ.

ಅತ್ತೆ ಸೆರಗು ಸರಿಸಿ ರಕ್ತ ಉಗುಳಿ, "ಬಾವಿಕಟ್ಟೆ ಮೇಲೆ ಜಾರ್ದೆ. ಪಾಚಿ ಇತ್ತು" ಎಂದರು.

"ನಿಮ್ಗೇ?" ಎಂದು ನನ್ನ ಕಡೆ ತಿರುಗಿದ.

"ಕಾದ ಎಣ್ಣೆ ಬಿತ್ತು" ಎಂದೆ.

ಅತ್ತೆ ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ಕಂಪೌಂಡರ್ ಎರಡನ್ನೂ ಬರೆದುಕೊಂಡ. ಆ ಬೆಂಚಿನ ಮೇಲೆ ನನಗೆ ಮತ್ತೆ ಸಿಪ್ಪೆ ಸುಟ್ಟ ವಾಸನೆ ಬಂತು. ಈ ಸಲ ಸುತ್ತ ಒಲೆ ಇರಲಿಲ್ಲ.

ಡಾಕ್ಟರರ ಕಣ್ಣೆದುರೇ ಬಿದ್ದದ್ದು ನನ್ನ ಪುಣ್ಯ. ಸೂಜಿ ಹಾಕಿ, ಕಪಾಟಿನಿಂದ ಬಿಳಿ ಗುಳಿಗೆಯ ಸೀಸೆ ತೆಗೆದು ಇವರ ಅಂಗೈ ಮೇಲೆ ಒಂದನ್ನು ಇಟ್ಟರಂತೆ. "ಇದನ್ನು ನಿಲ್ಲಿಸಿದವರು ಯಾರು? ಇನ್ನೆರಡು ದಿನ ಹೀಗೇ ಬಿಟ್ಟಿದ್ದರೆ ಹೆಣ ಒಯ್ಯಬೇಕಾಗುತ್ತಿತ್ತು" ಎಂದರಂತೆ. ಇವರು ಗುಳಿಗೆಯನ್ನು ಗುರುತು ಹಿಡಿದರು. ಆ ದಿನ ಅಂಗಳದಲ್ಲಿ ಬಾಯಿಗೆ ಹಾಕಿ ತೋರಿಸಿದ್ದೆನಲ್ಲ.

ಹಾಗೆಂದು ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ವಿಷ ಹೋಗಿ ವಂಚನೆ ಬಂತು. ಆಯ್ತವಾರ ಅಣ್ಣ ಬಂದಾಗ ಇವರು ಅವನ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿ ಬಾಗಿಲ ಚೌಕಟ್ಟಿಗೆ ದೂಡಿದರು. ಅಣ್ಣನ ಹಣೆ ಒಡೆಯಿತು. "ರೋಗದ ಹೆಣ್ಣು ಕಟ್ಟಿ ಮೋಸ ಮಾಡಿದ್ರಿ! ಕರ್ಕೊಂಡು ಹೋಗು!" ಅಣ್ಣ ರಕ್ತ ಒರೆಸಿಕೊಳ್ಳುತ್ತ, "ಒಯ್ತೆ. ಆದ್ರೆ ಅವಳ ಮಗೂನೂ ಒಯ್ತೆ" ಎಂದ. ಇವರು ಮೂಲೆಯಲ್ಲಿದ್ದ ಕತ್ತಿ ಎತ್ತಿಕೊಂಡರು. ನಾನು ಮೀರಾಳನ್ನು ಅವಚಿಕೊಂಡು ಇಬ್ಬರ ನಡುವೆ ಹೋಗಿ ನಿಂತೆ. ಬೇರೆ ಏನು ಮಾಡುವುದೆಂದು ನನಗೆ ತೋಚಲಿಲ್ಲ.

ಒಳಗಿನಿಂದ ಅತ್ತೆ ಬಂದರು. ಊದಿದ ಬಾಯಿ, ಮಾತು ಗಾಳಿಯಂತೆ ಹೊರಡುತ್ತಿತ್ತು. ಕತ್ತಿಯನ್ನು ಮಗನ ಕೈಯಿಂದ ತೆಗೆದು, ಅದರ ಹಿಡಿಯಿಂದಲೇ ಅವರ ಬೆನ್ನಿಗೆ ಒಂದು ಕೊಟ್ಟರು.

"ನನ್ನ ಹಲ್ಲು ಹೋಯ್ತು, ಅವಳ ಕೈ ಸುಟ್ಟೋಯ್ತು. ಸಾಕ್ ಮಾಡಿ ಇನ್ನು. ಇವಳು ಎಲ್ಲೂ ಹೋಗೂದಿಲ್ಲ." ಆಮೇಲೆ ಅಣ್ಣನ ಕಡೆ ತಿರುಗಿ, "ನಿನ್ನ ಹೆಂಡತಿಗೆ ಹೇಳು. ಗುಳಿಗೆ ಪೊಟ್ಟಣ ಕಟ್ಟಿ ನನ್ನ ಹೆಸರಿಗೆ ಕಳಿಸ್ಲಿ. ಉಂಡೇಲಿ ಹಾಕೂದು ಬೇಡಾ. ಉಂಡೆ ನಾಲ್ಕು ಮನೆಗೆ ಹಂಚೂಕೆ."

ಅಷ್ಟೇ. ಕ್ಷಮೆ ಗಿಮೆ ಅವರ ಬಾಯಲ್ಲಿ ಬರಲಿಲ್ಲ, ನಾನೂ ಕೇಳಲಿಲ್ಲ. ಅಂದಿನಿಂದ ಸಂಜೆ ದೀಪ ಹಚ್ಚಿದ ಮೇಲೆ ಅವರೇ ಗುಳಿಗೆ ತಂದು, ನಾನು ನುಂಗುವ ತನಕ ಎದುರಿಗೆ ನಿಲ್ಲುತ್ತಿದ್ದರು. ಬಾವಿಗೆ ಒಬ್ಬಳೇ ಬಿಡಲಿಲ್ಲ, ಒಲೆಯ ಮುಂದೆ ಒಬ್ಬಳೇ ಕೂರಿಸಲಿಲ್ಲ, ನನ್ನ ಮಗುವಿಗೆ ನಾನೇ ನೀರು ಹಾಕಲು ಕೊಡಲಿಲ್ಲ. ಅದು ಕಾಳಜಿಯೋ ಜೈಲೋ ನನಗೆ ಇಂದಿಗೂ ತಿಳಿದಿಲ್ಲ. ಎರಡೂ ಇರಬಹುದು. ಇವರ ಕೈ ನಂತರವೂ ಒಂದೆರಡು ಸಲ ನನ್ನ ಮೇಲೆ ಎದ್ದದ್ದುಂಟು, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ರೋಗದ ಹೆಸರು ಹೇಳಿ ಹೊಡೆಯಲಿಲ್ಲ.

ಅಂಗಳದಲ್ಲಿ ಯಾರಾದರೂ ಹೊಸಬರು ಬಂದು ಹಲ್ಲಿನ ವಿಷಯ ಕೇಳಿದರೆ ಅತ್ತೆ ಬಾವಿಕಟ್ಟೆ ತೋರಿಸುತ್ತಿದ್ದರು. ನನ್ನ ಕೈ ನೋಡಿದವರಿಗೆ ನಾನು ಎಣ್ಣೆ ಬಾಣಲೆ ತೋರಿಸುತ್ತಿದ್ದೆ. ಹೀಗೆ ಇಪ್ಪತ್ತಾರು ವರ್ಷ.

ಆಮೇಲೆ ಅತ್ತೆಗೆ ಲಕ್ವ ಹೊಡೆಯಿತು. ಬಲಮೈ ಬಿದ್ದುಹೋಯಿತು, ದವಡೆ ಕಚ್ಚಿಕೊಂಡು ಬಿಗಿದುಹೋಯಿತು. ಮೂರ್ಛೆಯಲ್ಲಿ ನನ್ನ ದವಡೆ ಕಚ್ಚಿಕೊಳ್ಳುವಂತೆಯೇ. ಬಾಯಿ ಬಿಡಿಸಲು ಇವರೂ ನೋಡಿದರು, ನರ್ಸೂ ನೋಡಿದಳು, ಆಗಲಿಲ್ಲ. ಒಂದು ತೊಟ್ಟು ನೀರು ಒಳಗೆ ಹೋಗಲು ದಾರಿಯಿಲ್ಲ ಎಂದು ಇವರು ಅಳುತ್ತ ಕೂತರು. ನಾನು ಅವರ ಮೇಲಿನ ತುಟಿಯನ್ನು ಬೆರಳಿಂದ ಎತ್ತಿದೆ. ಅಲ್ಲಿ ಎರಡು ಹಲ್ಲಿನ ಸಂದಿ ಇತ್ತು.

ಗಂಜಿಯ ತಿಳಿಗೆ ಉಪ್ಪು ಹಾಕಿ, ಅವರ ತಲೆ ಮಗ್ಗುಲಿಗೆ ಹೊರಳಿಸಿ, ಚಿಕ್ಕ ಚಮಚದಲ್ಲಿ ಆ ಸಂದಿಯಿಂದ ತೊಟ್ಟುತೊಟ್ಟಾಗಿ ಬಿಟ್ಟೆ. ಗಂಟಲು ಆಡಿತು. ಹನ್ನೊಂದು ದಿನ ಹಾಗೆಯೇ ಊಡಿಸಿದೆ. ಪದ್ಮಕ್ಕ, ಅವಳೂ ಆಗ ಹಣ್ಣು ಮುದುಕಿ, ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಒಂದು ದಿನ ನನಗೆ ತಡೆಯಲಾಗಲಿಲ್ಲ.

"ಪದ್ಮಕ್ಕಾ, ಇದು ಬಾವಿಕಟ್ಟೆ ಅಲ್ಲ. ನಾನು ಹೊಡೆದದ್ದು."

"ನಾನು ಬಾಗಿಲಲ್ಲೇ ನಿಂತಿದ್ದೆ ಅಲ್ದನೇ ಬಾಯೇ, ನಂಗೆ ಗೊತ್ತಿಲ್ದಾ?" ಎಂದಳು ಅವಳು. "ಐದೂ ಮನೆಗೂ ಗೊತ್ತದೆ. ಆಸ್ಪತ್ರೆಯಿಂದ ಬಂದ ಮರುದಿನ ನಿನ್ನ ಅತ್ತೆ ಆ ಊದಿದ ಬಾಯಲ್ಲೇ ಉಂಡೆ ಕಟ್ಟಿ ಮನೆಮನೆಗೆ ತಂದು ಕೊಟ್ಲು. 'ಇದರಲ್ಲಿ ಎಂತದೂ ಇಲ್ಲ, ತಿನ್ನಿ. ನಾನು ಬಾವಿಕಟ್ಟೆ ಮೇಲೆ ಜಾರಿದ್ದು' ಅಂದ್ಲು. ತಿಂದ್ವಿ. ತಿಂದ ಮೇಲೆ ಬೇರೆ ಹೇಳೂಕೆ ಬರ್ತದಾ?"

ಅತ್ತೆಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಕಣ್ಣು ನನ್ನ ಮೇಲೇ ಇತ್ತು. ಸಂಜೆಯಾಗಿತ್ತು, ನನ್ನ ಗುಳಿಗೆಯ ಹೊತ್ತು. ಇಷ್ಟು ವರ್ಷ ಅವರು ನನ್ನೆದುರು ನಿಂತು ನೋಡುತ್ತಿದ್ದ ಹಾಗೆಯೇ ಅವರಿಗೆ ಕಾಣುವಂತೆ ಗುಳಿಗೆ ಬಾಯಿಗೆ ಹಾಕಿ ನುಂಗಿದೆ. ಆಮೇಲೆ ಚಮಚ ತೊಳೆದು, ಮತ್ತೆ ಅವರ ತುಟಿ ಎತ್ತಿ, ಆ ಸಂದಿಯಿಂದ ಗಂಜಿ ಬಿಟ್ಟೆ.